ಸ್ಲೀವ್ ಸರ್ಜರಿ ಆಗಿ ಎಂಟು ವಾರ: ಪ್ರೋಟೀನ್ ಗುರಿ ಮುಟ್ಟೋದು ಹೇಗೆ, ಭಾರ ಎತ್ತೋದು ಯಾವಾಗ?

ಪ್ರಶ್ನೆ: ತೂಕ ಇಳಿಸೋಕೆ ಹೊಟ್ಟೆಯ ಬಹುಪಾಲು ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಸರ್ಜರಿ ಆಗಿದೆ, ಈಗ ಗಟ್ಟಿ ಆಹಾರ ಶುರುವಾಗಿದೆ. ನಾಲ್ಕು ತುತ್ತಿಗೇ ಎದೆ ಕಟ್ಟುತ್ತೆ, ಬಾಯಲ್ಲಿ ನೊರೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಹೇಗೆ ಸಾಧ್ಯ? ಜಿಮ್‌ಗೆ ಹೋಗಬಹುದಾ?

ಉತ್ತರ 1: ನೊರೆಗೆ ಸಾಮಾನ್ಯ ಕಾರಣ ದೊಡ್ಡ ತುತ್ತು, ಒಣ ಆಹಾರ, ಇಲ್ಲವೇ ಅವಸರ. ಟೀ ಚಮಚದಲ್ಲಿ ತಿನ್ನಿ, ನುಣ್ಣಗಾಗುವವರೆಗೆ 20–30 ಸಲ ಅಗಿಯಿರಿ. ನುಂಗಿದ ಮೇಲೆ ಚಮಚ ಕೆಳಗಿಡಿ. ಕೈಯಲ್ಲೇ ಇದ್ದರೆ ಮುಂದಿನ ತುತ್ತು ತಾನಾಗೇ ಹೋಗಿಬಿಡುತ್ತೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರ್ ಆಗಲೇಬೇಕು. ನೀರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ ಕಾಯಬೇಡಿ, ಅವತ್ತೇ ಸರ್ಜನ್‌ಗೆ ತೋರಿಸಿ. ಹೊಟ್ಟೆಯ ದಾರಿ ಕಿರಿದಾಗಿರಬಹುದು, ಬಿ1 ವಿಟಮಿನ್ನೂ ಬೇಗ ಕುಸಿಯುತ್ತೆ.

ಉತ್ತರ 2: ಲೆಕ್ಕ ಹಾಕಿ: ಒಂದು ಮೊಟ್ಟೆಗೆ 6 ಗ್ರಾಂ, ಪ್ರೋಟೀನ್ ಪುಡಿ ಒಂದು ಸ್ಕೂಪ್‌ಗೆ ಸುಮಾರು 20–25. ಎರಡು ಸ್ಕೂಪ್ ಬೇರೆ ಬೇರೆ ಹೊತ್ತಿಗೆ ಕುಡಿದರೆ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ತಟ್ಟೆಯಲ್ಲಿ ಪ್ರೋಟೀನ್ ಮೊದಲು. ಅಂದಹಾಗೆ, ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತಲ್ಲ.

ಉತ್ತರ 3: ನಡಿಗೆ ಯಾವಾಗಲೂ ಸರಿ. ಭಾರಕ್ಕೆ ಸರ್ಜನ್ ಒಪ್ಪಿಗೆ ಬೇಕು, ಒಳಗಿನ ಹೊಲಿಗೆ ಮಾಗದಿದ್ದರೆ ಹರ್ನಿಯಾ ಭಯ. ಒಪ್ಪಿದರೆ ವಾರಕ್ಕೆ ಎರಡು ದಿನ, 12 ಸಲ ಉಸಿರು ಬಿಗಿಹಿಡಿಯದೆ ಎತ್ತಲಾಗುವಷ್ಟೇ ತೂಕ. ಬರೀ ನಡೆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ತಲೆ ಸುತ್ತಿದರೆ ಮೊದಲು ನೀರಿನ ಲೆಕ್ಕ ನೋಡಿ.