ಹಳೆ ಬಂದರಿನ ಧಕ್ಕೆಯಲ್ಲಿ (ಹಡಗುಕಟ್ಟೆಯಲ್ಲಿ) ಮೊದಲು ಏನು ಸಾಗುತ್ತಿತ್ತು?

ಪ್ರಶ್ನೆ: ನದಿಯಾಚೆಯ ಬೆಂಗ್ರೆಗೆ ಹೋಗುವ ಫೆರಿಗೆ ಕಾಯುವಾಗ ಲಕ್ಷದ್ವೀಪದ ಮಂಜಿಗೆ (ಸರಕು ಸಾಗಿಸುವ ಹಡಗಿಗೆ) ಸಿಮೆಂಟ್, ಜಲ್ಲಿ, ಈರುಳ್ಳಿ ಏರಿಸುವುದು ಕಂಡೆ. ಮಂಗಳೂರಿನ ಈ ಧಕ್ಕೆಗೆ ಮೊದಲಿಂದಲೂ ಇದೇ ಕೆಲಸವಾ?

ಉತ್ತರ: ಇಲ್ಲ ಮಾರಾಯ್ರೆ. ನನ್ನ ಅಜ್ಜ ಇಲ್ಲಿ ಹಂಚು ಹೊತ್ತವರು. 1865ರಲ್ಲಿ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹಂಚು ಹೊರದೇಶಕ್ಕೂ ಹೋಯಿತು, ಕಾಫಿಯೂ ಹೋಯಿತು. ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವಲ್ಲಿ, ಹೂಳು; ದೊಡ್ಡ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲಬೇಕಿತ್ತು. ಸರಕೆಲ್ಲ ಅಲ್ಲಿಗೆ ದೋಣಿಯಲ್ಲೇ ಸಾಗಬೇಕಿತ್ತು. ಎಷ್ಟು ಒಗೆದರೂ ಅಜ್ಜನ ಬೈರಾಸಿಗೆ (ಹೆಗಲ ಟವೆಲಿಗೆ) ಹತ್ತಿದ ಹಂಚಿನ ಕೆಂಪು ಹೋಗುತ್ತಿರಲಿಲ್ಲ. ಅವರ ದುಡಿಮೆಯ ಒಂದು ಗುರುತಾದರೂ ಅಲ್ಲಿ ಇರಬೇಕಿತ್ತು.

ಇನ್ನೊಬ್ಬರು: 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು, ದೊಡ್ಡ ಸರಕು ಅಲ್ಲಿಗೆ. ಇಲ್ಲಿ ಮಂಜಿ ಮತ್ತು ಮೀನು. ಬೆಳಿಗ್ಗೆ ದಕ್ಷಿಣ ಧಕ್ಕೆಗೆ ಹೋಗಿ, ಬುಟ್ಟಿಗಟ್ಟಲೆ ಬಂಗುಡೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಮಳೆಗಾಲದಲ್ಲೂ ಉಂಟಾ?

ಇನ್ನೊಬ್ಬರು: ಜೂನ್, ಜುಲೈ ಟ್ರಾಲ್ ಬೋಟಿಗೆ ನಿಷೇಧ. ಆಗಸ್ಟ್‌ನಲ್ಲಿ ಬನ್ನಿ.