ಅಪ್‌ಡೇಟ್: ಡಯಾಲಿಸಿಸ್‌ನಲ್ಲಿರುವ ಅಪ್ಪನ ತುರಿಕೆ

ಮೂರು ವಾರಗಳ ಹಿಂದೆ ಕೇಳಿದ್ದೆ: ಹಳೆಯ ಸಕ್ಕರೆ ಕಾಯಿಲೆ, ಈಗ ವಾರಕ್ಕೆ 3 ಡಯಾಲಿಸಿಸ್, ಮೈಮೇಲೆ ಒಂದು ಗುಳ್ಳೆಯೂ ಇಲ್ಲ, ಆದರೂ ಅಪ್ಪ ರಾತ್ರಿಯಿಡೀ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಾರೆ, ಬನಿಯನ್ನಿನ ತುಂಬ ರಕ್ತದ ಚುಕ್ಕೆ, ಏನು ಮಾಡಲಿ ಎಂದು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆ ನಿದ್ದೆ ತರಿಸಿತು, ತುರಿಕೆ ಹಾಗೆಯೇ ಉಳಿಯಿತು. ಬೇವಿನೆಲೆ ಹಾಕಿದ ಬಿಸಿನೀರಿನ ಸ್ನಾನವಂತೂ ಚರ್ಮವನ್ನು ಇನ್ನಷ್ಟು ಒಣಗಿಸಿತು. ಉಗುರುಬೆಚ್ಚಗಿನ ನೀರು, ಮೈ ಇನ್ನೂ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಎಂಬ ಸಲಹೆ ಅರ್ಧ ಕೆಲಸ ಮಾಡಿತು.

ಉಳಿದರ್ಧ ಮಾಡಿದ್ದು ‘ಕಿಡ್ನಿ ಡಾಕ್ಟರನ್ನೇ ಕೇಳಿ’ ಎಂದವರ ಮಾತು. ಆ ಡಾಕ್ಟರು ಗ್ಯಾಬಪೆಂಟಿನ್ 100 ಮಿ.ಗ್ರಾಂ. ಬರೆದರು, ಅದೂ ಡಯಾಲಿಸಿಸ್ ಮುಗಿದ ಮೇಲೆ ಮಾತ್ರ. ಅದು ನರಗಳ ಮೇಲೆ ಕೆಲಸ ಮಾಡುವ ಔಷಧ. ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ ಇಂಥವರಲ್ಲಿ ಮೈಯಲ್ಲೇ ಉಳಿದು ತೂಕಡಿಕೆ, ತಡವರಿಕೆ ತರುತ್ತದೆಯಂತೆ. ದಯವಿಟ್ಟು ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ನನಗೆ ನಿಜವಾಗಿ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ರಕ್ತದಲ್ಲಿ ಹೆಚ್ಚಾದರೆ ತುರಿಕೆಯನ್ನೂ ಹೆಚ್ಚಿಸಬಹುದಾದ ರಂಜಕವನ್ನು (ಫಾಸ್ಫರಸ್) ಕಡಿಮೆ ಮಾಡುವ ಸೆವೆಲಮರ್ ಮಾತ್ರೆಯನ್ನು ಅಪ್ಪನಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುತ್ತಿದ್ದವನು ನಾನೇ. ಅದು ಊಟದಲ್ಲಿರುವ ರಂಜಕವನ್ನು ಕರುಳಿನಲ್ಲೇ ಹಿಡಿದಿಡುವ ಮಾತ್ರೆ. ಊಟವೇ ಇಲ್ಲದಿದ್ದರೆ ಏನನ್ನು ಹಿಡಿದೀತು? ಈಗ ತಟ್ಟೆಯ ಪಕ್ಕದಲ್ಲೇ ಇಡುತ್ತೇನೆ. ರಕ್ತಪರೀಕ್ಷೆ ಮುಂದಿನ ತಿಂಗಳು.

ತುರಿಕೆ ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಅಪ್ಪ ಐದು ಗಂಟೆ ಒಂದೇ ಸಮನೆ ನಿದ್ದೆ ಮಾಡಿದರು. ಅಮ್ಮ ಬಾಚಣಿಗೆಯನ್ನು ವಾಪಸ್ ತೆಗೆದುಕೊಂಡಿದ್ದಾಳೆ.