ಹೊಟ್ಟೆಯ ಬೊಜ್ಜಿಗೆ ಲೈಪೊಸಕ್ಷನ್ ಸರಿಹೋಗುತ್ತದೆಯೇ?

ಪ್ರಶ್ನೆ: ವಯಸ್ಸು 34, ಎತ್ತರ 160 ಸೆಂ.ಮೀ., ತೂಕ 68 ಕೆ.ಜಿ. ಎರಡನೇ ಹೆರಿಗೆಯಾಗಿ 14 ತಿಂಗಳು. ಹೊಕ್ಕಳ ಕೆಳಗಿನ ಬೊಜ್ಜು ಕರಗುತ್ತಿಲ್ಲ. ಲೈಪೊಸಕ್ಷನ್ ಮಾಡಿಸಬಹುದೇ?

ಉತ್ತರ 1: ನಿಂತುಕೊಂಡು ಹೊಟ್ಟೆಯನ್ನು ಚಿವುಟಿ ನೋಡಿ. ಬೆರಳಿಗೆ ಸಿಗುವುದು ಚರ್ಮದಡಿಯ ಕೊಬ್ಬು. ಲೈಪೊಸಕ್ಷನ್‌ನಲ್ಲಿ ಕೊಳವೆಯಿಂದ ಹೀರುವುದು ಅದನ್ನು ಮಾತ್ರ. ಸಿಗುವುದು ಕಡಿಮೆಯಿದ್ದು ಹೊಟ್ಟೆ ಗಟ್ಟಿಯಾಗಿ ಮುಂದೆ ಬಂದಿದ್ದರೆ ಕೊಬ್ಬು ಕರುಳಿನ ಸುತ್ತ ಇರುವ ಸಂಭವ ಹೆಚ್ಚು. ಅದಕ್ಕೆ ಆಹಾರ, ವ್ಯಾಯಾಮವೇ ದಾರಿ.

ಉತ್ತರ 2: ಮೇಲಿನದು ಸರಿ, ಆದರೆ ಎರಡು ಹೆರಿಗೆಯಾದವರಲ್ಲಿ ನನ್ನ ಮೊದಲ ಅನುಮಾನ ಸ್ನಾಯುವಿನ ಮೇಲೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ. ಹೊಕ್ಕಳ ಹತ್ತಿರ ಬೆರಳುಗಳನ್ನು ಅಡ್ಡಲಾಗಿ ಒತ್ತಿ. ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕರೆ ಸ್ನಾಯು ಬೇರ್ಪಟ್ಟಿರಬಹುದು. ಆಗ ಕೊಬ್ಬು ತೆಗೆದರೂ ಉಬ್ಬು ಉಳಿಯುತ್ತದೆ. ಜತೆಗೆ ಹರ್ನಿಯಾ (ಹೊಟ್ಟೆಯ ಗೋಡೆಯ ಸಂದಿನಿಂದ ಕರುಳು ಹೊರಚಾಚುವುದು) ಇದ್ದರೆ ಕೊಳವೆ ಕರುಳಿಗೆ ಚುಚ್ಚುವ ಅಪಾಯವಿದೆ, ಅಲ್ಟ್ರಾಸೌಂಡ್ ಮಾಡಿಸದೆ ದಯವಿಟ್ಟು ಒಪ್ಪಬೇಡಿ. ಚರ್ಮ ಜೋತುಬಿದ್ದಿದ್ದರೆ ಲೈಪೊಸಕ್ಷನ್ ಅದನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಅಲ್ಲಿ ಟಮ್ಮಿ ಟಕ್ (ಹೆಚ್ಚುವರಿ ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡುವ ಶಸ್ತ್ರಚಿಕಿತ್ಸೆ) ಬೇಕು.

ಉತ್ತರ 3: ಇನ್ನೊಂದು ಮಗುವಿನ ಯೋಚನೆಯಿದ್ದರೆ ಮುಂದೂಡಿ. ಗರ್ಭನಿರೋಧಕ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ: ಮೊದಲನೆಯದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎರಡನೆಯದರಿಂದ ರಕ್ತಸ್ರಾವ ಹೆಚ್ಚಬಹುದು. ಒಮ್ಮೆಗೇ 5 ಲೀಟರಿಗಿಂತ ಹೆಚ್ಚು ಕೊಬ್ಬು, ದ್ರವ ತೆಗೆದು ಅಂದೇ ಮನೆಗೆ ಕಳಿಸುತ್ತೇವೆ ಎನ್ನುವ ಕ್ಲಿನಿಕ್ ಬೇಡವೇ ಬೇಡ. ಶಸ್ತ್ರಚಿಕಿತ್ಸೆಯ ನಂತರ ಬಿಗಿ ಉಡುಪು 4–6 ವಾರ ತೊಡಬೇಕು. ಊತ ಪೂರ್ತಿ ಇಳಿಯಲು ಕೆಲವು ತಿಂಗಳೇ ಬೇಕು.